ಹುಣಸೆಹಣ್ಣಿನಲ್ಲಿ ತಿಕ್ಕಿದ ಕೇಸುಗಳು

ಗುರುಸಿದ್ದಮ್ಮ ಮೈದುನನ ಕೈಯಿಂದ ಡಬ್ಬಿ ಕಿತ್ತುಕೊಂಡಳು. ಹಾರಿಸಿದ ತೋಟಾಗಳ ಹಿತ್ತಾಳೆ ಕೇಸುಗಳು ಗ್ಯಾರೇಜಿನ ನೆಲದ ತುಂಬ ಚೆಲ್ಲಿದವು. ಗಂಡ ಮುರುಗೆಪ್ಪನ ಮಣ್ಣಿಗೆ ಹೊರಡಲು ಈ ಪರದೇಶದಲ್ಲಿದ್ದ ನೆಂಟರೆಲ್ಲ ಕಾರುಗಳಲ್ಲಿ ಕಾಯುತ್ತಿದ್ದರು.

"ಯಾಕ್ರೀ ವೈನಿ? ಮತ್ತ ಮದ್ದು ತುಂಬಾಕ ಬರ್ತಾವ. ಹೊಸಾವ್ ಇದ್ದಂಗ ಹೊಳ್ಯಾಕತ್ತಾವ," ಎಂದ ಅಮರೇಶ್ವರ. "ಶನಿವಾರ ನನ್ನ ಹುಡುಗನ್ನ ಶೂಟಿಂಗ್ ರೇಂಜಿಗೆ ಕರ್ಕೊಂಡ ಹೊಂಟೀನಿ."

"ಹೊಳಿಯೂವಂಗ ತಿಕ್ಕಿದಾಕಿ ನಾ!"

ಮೊನ್ನೆ ಆಸ್ಪತ್ರೆಯಿಂದ ಒಬ್ಬಳೇ ಮರಳಿದವಳು, ಕೈಗೆ ಏನಾದರೂ ಕೆಲಸ ಬೇಕೆಂದು, ಮನೆಯ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದ್ದಳು. ದೀಪ, ತಂಬಿಗೆ, ಕೊನೆಗೆ ಗಂಡ ಒಳ್ಳೆಯವು, ಕೆಟ್ಟವು ಎಂದು ಬೇರೆ ಮಾಡಿಟ್ಟಿದ್ದ ಎರಡೂ ಡಬ್ಬಿಗಳ ಕೇಸುಗಳನ್ನು ಒಂದೇ ಬುಟ್ಟಿಗೆ ಸುರಿದುಕೊಂಡು. ಕೆಟ್ಟವುಗಳಿಗೆ ಅವನು ಇಟ್ಟಿದ್ದ ಕೆಂಪು ಶಾಯಿಯ ಚುಕ್ಕೆಗಳು ನೀರಿನಲ್ಲಿ ಹೋದವು. ಅದಕ್ಕೆ ತನ್ನ ಮೇಲೆಯೇ ಬಂದ ಸಿಟ್ಟು ಅವಳಿಗೆ ಇನ್ನೂ ಇಳಿದಿರಲಿಲ್ಲ.

"ಅಣ್ಣ ಅಂಜುಬುರುಕ. ನೂರಕ್ಕ ನಲವತ್ತು ಕೆಟ್ಟಾವಂತ ತಗದ್ ಇಡಾಂವ. ಶೂಟಿಂಗ್ ಕ್ಲಬ್ಬಿನ್ಯಾಗ ಎಲ್ಲಾರೂ ನಗ್ತಿದ್ರು."

"ನಗೂ ಮಂದ್ಯಾಗ ನೀನೂ ಇದ್ದಿ. ಇವತ್ತರ ಬಾಯಿ ಮುಚ್ಚು!"

*

ಹಿಂದಿನ ವರ್ಷ, ಸಾವಿರದ ಒಂಬೈನೂರ ಎಪ್ಪತ್ತೆರಡರ ಚಳಿಗಾಲ. ಅಡುಗೆಮನೆಯ ಮೇಜಿನ ಮುಂದೆ ಮುರುಗೆಪ್ಪ ತುದಿ ಬಗ್ಗಿಸಿದ ತಂತಿಯನ್ನು ಕೇಸಿನೊಳಗೆ ಇಳಿಸಿ ಅವಳ ಕೈಗೆ ಕೊಟ್ಟ.

"ಬುಡದಿಂದ ಮೆಲ್ಲಕ ಮ್ಯಾಲ ಎಳಿ. ಎಲ್ಲೆರ ತಡೀತು?"

"ಹೂಂರಿ, ಒಂಚೂರು."

"ಅಲ್ಲಿ ಒಳಗ ತೆಳ್ಳಗಾಗೇತಿ. ಮತ್ತ ತುಂಬಿ ಹೊಡದ್ರ ಅಲ್ಲೇ ಹರೀತೈತಿ, ಉರಿ ಮಾರಿಗೆ ಬಡೀತೈತಿ. ಡೌಟ್ ಬಂತಂದ್ರ ಬಿಟ್ಟಬಿಡಬೇಕು."

*

ಗುರುಸಿದ್ದಮ್ಮ ಗೋಡೆಯ ಗೂಟದಲ್ಲಿದ್ದ ಅದೇ ತಂತಿ ತೆಗೆದು ಒಂದು ಕೇಸಿಗೆ ಇಳಿಸಿದಳು. ತಡೆಯಿತು. ಇನ್ನೊಂದೂ ತಡೆಯಿತು. ಮೂರನೆಯದೂ. ತಡೆಯುತ್ತಿರುವುದು ತೆಳ್ಳಗಾದ ಜಾಗವೋ ಒಳಗೆ ಉಳಿದ ಹುಣಸೆಯ ನಾರೋ ತಿಳಿಯದೆ, ತಂತಿಯನ್ನು ಗೋಡೆಗೆ ಬೀಸಿ ಒಗೆದಳು. ಸುತ್ತಿಗೆ ಹಿಡಿದು ನೆಲದ ಮೇಲೆ ಕೂತಳು.

"ವೈನಿ, ಅದ್ರಾಗ ಚಲೋವೂ ಅದಾವರಿ!"

"ಯಾವು ಚಲೋವು, ಆರಿಸಿ ಕೊಡು ನೋಡೂಣು."

ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಮತ್ತೆ ನೆಲದ ಮೇಲೆ ಇಟ್ಟ.

ಗಂಡನ ಜೊತೆ ಕೆಲಸಕ್ಕಿದ್ದ ಅಡಿವೆಪ್ಪ ಬಾಗಿಲಲ್ಲಿ ಇಣುಕಿದ. "ಅಕ್ಕಾರ, ಅಣ್ಣಾರನ್ನ ತಯಾರ ಮಾಡಿ ಇಟ್ಟೀವಂತ ಫ್ಯೂನರಲ್ ಹೋಮಿನವ್ರು ಫೋನ್ ಮಾಡ್ಯಾರ. ಲೇಟ್ ಆಗಾಕತ್ತೈತಿ."

"ಕಾಯ್ಲಿ."

ಒಂದೊಂದನ್ನೂ ಜಜ್ಜಿದಳು. ನೆಲದ ಮೇಲೆ ಜಜ್ಜಲು ಏನೂ ಉಳಿಯದಾದಾಗ ತಲೆಯೆತ್ತಿ ಅಮರೇಶ್ವರನನ್ನು ನೋಡಿದಳು. ಅವನು ಕೋಟಿನ ಜೇಬಿಗೆ ಕೈಹಾಕಿ ನಾಲ್ಕು ಕೇಸು ತೆಗೆದು ಅವಳ ಮುಂದಿಟ್ಟ. ಅವನ್ನೂ ಜಜ್ಜಿದಳು. ಸುತ್ತಿಗೆಯನ್ನು ಮಾತ್ರ ಕೆಳಗಿಡಲಿಲ್ಲ.

"ಇನ್ನೊಂದು ಜೇಬು," ಎಂದಳು.