ಸಮಯ ಬರೆಯದ ಸಾಲು

“ಹತ್ತೊಂಬತ್ತು ಹೊರಗೆ! ಹತ್ತೊಂಬತ್ತನೇ ನಂಬರಿನವರು ಯಾರ್ರೀ? ಎದ್ದೇಳಿ, ನಿಮ್ಮೋರು ಗೆದ್ದು ಬಂದಿದಾರೆ!”

ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಮುದುಕರು ಗೋಡೆಯ ಪರದೆ ನೋಡಿ ಕೂಗಿದರು. ಹೆಂಡತಿಯ ಮಂಡಿ ಆಪರೇಷನ್ನಿಗೆಂದು ಬೆಳಿಗ್ಗೆ ಏಳಕ್ಕೇ ಬಂದು ಕೂತವರು. ಹೊತ್ತು ಹೋಗದೆ, ಪರದೆ ಬದಲಾದಾಗಲೆಲ್ಲ ಇಡೀ ಹಾಲಿಗೆ ಓದಿ ಹೇಳುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದರು. ಅಮ್ಮ ಆಗಲೇ ಅವರಿಗೆ ಕಾಮೆಂಟರಿ ತಾತ ಎಂದು ಹೆಸರಿಟ್ಟಾಗಿತ್ತು.

“ನಮ್ಮದು ನೋಡೇ ಇಲಿಮರಿ. ಗಡಿಬಿಡೀಲಿ ಕನ್ನಡಕ ಮನೇಲೇ ಬಿಟ್ಟು ಬಂದೆ, ಎಲ್ಲಾ ಹುಳ ಹರಿದ ಹಾಗೆ ಕಾಣ್ತಿದೆ.”

ಅಮ್ಮನ ಬೆಂಚಿನ ಪಕ್ಕ ನಿಂತಿದ್ದ ಮಗಳು ಓದಿದಳು. “ಇಪ್ಪತ್ತೇಳು. ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಹನ್ನೊಂದೂ ಇಪ್ಪತ್ತು.”

“ನಡೀಲಿ, ನಡೀಲಿ,” ಅಂದಳು ಅಮ್ಮ, ಅಪ್ಪ ಎಲ್ಲೋ ವಾಕಿಂಗ್ ಹೋಗಿರುವ ಹಾಗೆ. “ಮೂವತ್ತು ವರ್ಷ ಊರಿನೋರಿಗೆಲ್ಲ ಬ್ರೇಕ್ ಹಾಕೋದು ಕಲಿಸಿದ ಮನುಷ್ಯ. ಎದೆ ನೋಯ್ತಿದೆ ಅಂತ ಮನೇಲಿ ಒಂದು ಮಾತು ಹೇಳ್ಬಾರ್ದಾ? ಗ್ಯಾಸು ಗ್ಯಾಸು ಅಂತ ಎಂಟು ದಿನ ತಿರುಗಿದ್ರು. ಎದ್ದು ಬರ್ಲಿ, ಇದೆ ಅವರಿಗೆ.”

ಅಪ್ಪ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ, ಕಾಲಡಿ ಇನ್ನೊಂದು ಬ್ರೇಕ್ ಇಟ್ಟುಕೊಂಡು ಕೂರುವುದು ಅವರ ಕೆಲಸ. ಮಗಳಿಗೆ ಮಾತ್ರ ಕಲಿಸಲಾಗಲಿಲ್ಲ. ಹಾರ್ನ್ ಹೊಡೆಯಲೂ ಅವಳಿಗೆ ಸಂಕೋಚ.

ಬಾಯಿಗೆ ಬೆರಳಿಟ್ಟರೆ ಕಚ್ಚಲೂ ಬಾರದವಳು ಎಂದು ನೆಂಟರೆಲ್ಲ ಅನ್ನುತ್ತಿದ್ದ ಈ ಹುಡುಗಿಗೆ ಕೆಲಸ ಸಿಕ್ಕಿದ್ದು ಇದೇ ಆಸ್ಪತ್ರೆಯಲ್ಲಿ. ಎರಡನೇ ಮಹಡಿಯ ಸಣ್ಣ ಕೋಣೆಯಲ್ಲಿ ಕೂತು ಆಸ್ಪತ್ರೆಯ ವೆಬ್ ಪುಟಗಳನ್ನು ನೋಡಿಕೊಳ್ಳಬೇಕು. ಯಾರ ಮುಖ ನೋಡಿಯೂ ಮಾತಾಡಬೇಕಿಲ್ಲ ಎಂಬುದೇ ಅವಳಿಗೆ ಹಿಡಿಸಿದ್ದು. ಈ ಹಾಲಿನ ಪರದೆಯ ಪುಟವೂ ಅವಳದೇ. ಥಿಯೇಟರಿನೊಳಗೆ ನರ್ಸ್ ಗುಂಡಿ ಒತ್ತಿದರೆ ಇಲ್ಲಿ ಸಾಲು ಬದಲಾಗುತ್ತದೆ. ಶುರುವಾಗಿದೆ, ನಡೆಯುತ್ತಿದೆ, ಹೊರಗೆ ಬಂದಿದ್ದಾರೆ. ಪಕ್ಕದಲ್ಲೇ ಗುಂಡಿ ಒತ್ತಿದ ಸಮಯ. ನಡೆಯುತ್ತಿರುವಷ್ಟು ಹೊತ್ತೂ ನರ್ಸ್ ಆಗಾಗ ಮತ್ತೆ ಒತ್ತಿ ಸಮಯ ಹೊಸದು ಮಾಡುತ್ತಾರೆ. ನಾಲ್ಕನೆಯ ಗುಂಡಿಯೂ ಒಂದಿತ್ತು. ಅದನ್ನೊತ್ತಿದರೆ, “ಬಂಧುಗಳು ಎರಡನೇ ಕೋಣೆಗೆ ಬರಬೇಕು” ಎಂದು ಬರುತ್ತಿತ್ತು. ಎರಡನೇ ಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದು ಜಗ್ಗು ನೀರು ಬಿಟ್ಟರೆ ಏನೂ ಇಲ್ಲ. ಒಳಗೆ ಹೋದವರು ಹೇಗೆ ಹೊರಗೆ ಬರುತ್ತಾರೆಂದು ಹಾಲಿನಲ್ಲಿ ಅರ್ಧ ದಿನ ಕೂತವರಿಗೆಲ್ಲ ತಿಳಿದುಹೋಗುತ್ತಿತ್ತು.

ಪುಟ ಶುರುವಾದ ಎರಡನೇ ವಾರವೇ ಒಬ್ಬ ಹೆಂಗಸು, ಯಾರೂ ಬಂದು ಹೇಳುವ ಮೊದಲೇ ಆ ಸಾಲು ಓದಿಕೊಂಡು, ದಾರಿ ತಪ್ಪಿ ಓಡಿ, ಕಂಡ ಕಂಡ ಬಾಗಿಲನ್ನೆಲ್ಲ ತಳ್ಳಿದ್ದಳು. ಅವತ್ತು ಹಿರಿಯ ನರ್ಸ್, ಎಲ್ಲರೂ ದೊಡ್ಡಕ್ಕ ಎನ್ನುವವರು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಿದ್ದರು.

“ಅಂಥ ಸುದ್ದೀನ ಮನುಷ್ಯರ ಬಾಯಿಂದ ಕೇಳಬೇಕು ಮಗಾ, ಗೋಡೆ ಬಾಯಿಂದ ಅಲ್ಲ. ಗುಂಡಿ ಒತ್ತಿದ ಮೇಲೆ ನಮಗೆ ಕಾಲು ಗಂಟೆ ಕೊಡು, ನಾವು ಹೋಗಿ ಹೇಳ್ತೀವಿ. ಅಲ್ಲೀವರೆಗೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ತೋರಿಸ್ತಾ ಇರು.”

ಕೊಟ್ಟಳು. ಮೊದಲು ಆ ಸಾಲನ್ನು ಪುಟದೊಳಗೇ ಅಡಗಿಸಿ, ಹದಿನೈದು ನಿಮಿಷದ ಮೇಲೆ ಕಾಣುವಂತೆ ಮಾಡಿದ್ದಳು. ಒಬ್ಬ ರೋಗಿಯ ಅಣ್ಣನ ಮಗ, ಇಂಥದರಲ್ಲಿ ಪಳಗಿದವನು, ಫೋನಿನಲ್ಲಿ ಪುಟದ ಒಳಹೊಟ್ಟೆ ಬಗೆದು ಓದಿಬಿಟ್ಟ. ಆಮೇಲೆ ಅವಳು ಆ ಕೆಲಸವನ್ನೆಲ್ಲ ಪುಟಗಳನ್ನು ಕಳಿಸುವ ಆಸ್ಪತ್ರೆಯ ಕಂಪ್ಯೂಟರಿಗೆ, ಸರ್ವರಿನ ಸ್ಕ್ರಿಪ್ಟಿಗೇ ವಹಿಸಿದಳು. ಹೊತ್ತಾಗುವವರೆಗೆ ಆ ಸಾಲು ಸರ್ವರಿನ ಹೊಸಿಲು ದಾಟುವುದೇ ಇಲ್ಲ. ಯಾರು ಎಷ್ಟು ಸಲ ಕೇಳಿದರೂ ಹಳೆಯ ಮಾತನ್ನೇ ಹೇಳುತ್ತದೆ, ಶಸ್ತ್ರಚಿಕಿತ್ಸೆ ನಡೆಯುತ್ತಿದೆ ಎಂದು.

ಪಕ್ಕದ ಸಮಯದ ಬಗ್ಗೆ ಮಾತ್ರ ಒಂದು ಸಂಜೆಯೆಲ್ಲ ಯೋಚಿಸಿದ್ದಳು. ಹಳೆಯ ಸಮಯವನ್ನೇ ಬಿಟ್ಟರೆ, ಯಾಕೆ ನಿಂತೇ ಹೋಗಿದೆ ಎಂದು ಜನ ಹೆದರುತ್ತಾರೆ. ಹೊಸ ಸಮಯ ಹಾಕಿದರೆ ಹಸಿ ಸುಳ್ಳು. ಸುಳ್ಳು ಬರೆಯಲು ಕೈ ಬರಲಿಲ್ಲ. ಕೊನೆಗೆ ಆ ಕಾಲು ಗಂಟೆ ಅಲ್ಲಿ ಏನನ್ನೂ ಬರೆಯದೆ ಖಾಲಿ ಬಿಟ್ಟಳು. ಎಂಟು ತಿಂಗಳಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಪರದೆ ಮಿನುಗಿತು.

“ಇಪ್ಪತ್ತೆರಡು ಶುರು! ಇಪ್ಪತ್ತಾರು ನಡೀತಿದೆ! ಇಪ್ಪತ್ತೇಳು ನಡೀತಿದೆ!” ಎಂದರು ಕಾಮೆಂಟರಿ ತಾತ.

ಇಪ್ಪತ್ತೇಳರ ಮುಂದೆ ಅದೇ ಮಾತಿತ್ತು. ಮಾತಿನ ಪಕ್ಕ ಏನೂ ಇರಲಿಲ್ಲ.

ಅವಳು ಫೋನಿನಲ್ಲಿ ಅದೇ ಪುಟ ತೆರೆದಳು. ಮತ್ತೆ ತೆರೆದಳು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಸಮಯವಿತ್ತು. ಬೇರೆ ಯಾರಾದರೂ ಮಾಡಿದ ಪುಟವಾಗಿದ್ದರೆ ಏನೋ ಕೆಟ್ಟಿರಬೇಕು ಅಂದುಕೊಳ್ಳಬಹುದಿತ್ತು.

“ಅವರ ಪಾದ ಯಾವಾಗಲೂ ಐಸು ಕಣೇ,” ಅಮ್ಮ ಹೇಳುತ್ತಿದ್ದಳು. “ಕಾಲುಚೀಲ ತಂದಿದೀನಿ. ಒಳಗೆ ಹಾಕೋಕೆ ಬಿಡ್ತಾರಾ? ನೀನು ಇಲ್ಲೀ ಕೆಲಸದೋಳು ತಾನೆ, ಕೇಳು.”

“ಕೇಳ್ತೀನಿ.”

“ಕೇಳ್ತೀನಿ ಅಂತೀಯ, ಕೇಳಲ್ಲ. ನಿಮ್ಮಪ್ಪ ಹೇಳೋದು ಸರಿಯಾಗಿದೆ, ನಿನ್ನ ಬಾಯಿಗೆ ಚಿಲಕ.”

ಕೈಯಲ್ಲೇ ಫೋನು ನಡುಗಿತು. ದೊಡ್ಡಕ್ಕ. ನೀನು ಮೇಲೆ ನಿನ್ನ ಕೋಣೇಲಿರು, ನಾನೇ ಕರೀತೀನಿ ಎಂದು ಬೆಳಿಗ್ಗೆ ಅವರೇ ಹೇಳಿದ್ದರು. ಮೊದಲು ಮಗಳಿಗೆ ಹೇಳಿ, ಆಮೇಲೆ ಇಬ್ಬರೂ ಸೇರಿ ತಾಯಿಯ ಹತ್ತಿರ ಹೋಗೋಣವೆಂದಿರಬೇಕು. ಅವಳು ಎತ್ತಲಿಲ್ಲ. ಅವಳ ಮುಖ ಓದಲು ಅಮ್ಮನಿಗೆ ಕನ್ನಡಕ ಬೇಕಿರಲಿಲ್ಲ. ಫೋನು ನಡುಗಿ ನಡುಗಿ ಸುಮ್ಮನಾಯಿತು. ಈಗ ದೊಡ್ಡಕ್ಕ ಅವಳನ್ನು ಹುಡುಕಿಕೊಂಡು ಎರಡನೇ ಮಹಡಿಯ ಮೆಟ್ಟಿಲು ಹತ್ತುತ್ತಾರೆ.

“ಯಾರೇ ಅದು?”

“ಆಫೀಸಿಂದು.”

“ರಜಾ ಹಾಕಿದ ದಿನಾನೂ ಬಿಡಲ್ವಲ್ಲ, ಹಾಳಾದೋರು.”

ಇನ್ನು ಹದಿಮೂರು ನಿಮಿಷ ಅಮ್ಮನ ಪಾಲಿಗೆ ಅಪ್ಪ ಒಳಗೆ ನಿದ್ದೆ ಮಾಡುತ್ತಿದ್ದರು. ಅಮ್ಮ ಬೈಗುಳದ ಕ್ರಮ ಗೊತ್ತುಮಾಡುತ್ತಿದ್ದಳು. ಕಣ್ಣು ಬಿಟ್ಟ ತಕ್ಷಣ ಬೈಯುವುದು, ಆಮೇಲೆ ಹೇಗಿದೀರಿ ಅಂತ ಕೇಳುವುದು. ಮೊದಲೇ ಹೇಗಿದೀರಿ ಅಂದರೆ ತಲೆ ಮೇಲೆ ಕೂರುತ್ತಾರೆ. ಕೆಳಗಿನ ಕೋಣೆಗೆ ಮಂಚ ಇಳಿಸಬೇಕು. ಬೆಳಗಿನ ಕ್ಲಾಸು ಬಿಡಿಸಬೇಕು, ಸಂಜೆದು ಬೇಕಾದರೆ ಇರಲಿ, ಇಲ್ಲದಿದ್ದರೆ ಮನೆಯಲ್ಲಿ ಕೂತು ನನ್ನ ತಲೆ ತಿನ್ನುತ್ತಾರೆ. ಅವಳು ಹೂಂ, ಹೂಂ ಅನ್ನುತ್ತಿದ್ದಳು. ಈಗ ಹೇಳಿಬಿಡಬೇಕು ಅನ್ನಿಸಿತು. ಆದರೆ ಅಮ್ಮ ಮಂಚವನ್ನು ಕಿಟಕಿಯ ಪಕ್ಕ ಹಾಕುವುದೋ ಗೋಡೆಯ ಪಕ್ಕವೋ ಎಂದು ಕೇಳಿದಳು.

“ಕಿಟಕಿ ಪಕ್ಕ,” ಅಂದಳು ಅವಳು.

ಹನ್ನೊಂದೂ ಐವತ್ತಾಯಿತು. ಗಾಜಿನ ಬಾಗಿಲಿನಾಚೆ ಯಾರೂ ಬರಲಿಲ್ಲ. ಮುಂದಿನ ಸಾಲಿನಲ್ಲಿ ತಾತ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಪರದೆ ಬದಲಾದರೆ, ಕನ್ನಡಕವಿಲ್ಲದ ಅಮ್ಮನಿಗೂ ಅದು ಕೇಳಿಸುತ್ತದೆ. ಇಡೀ ಹಾಲಿಗೇ.

ಬಸ್ಸಿನಲ್ಲಿ ಇಳಿಯುವ ನಿಲ್ದಾಣ ಬಂದರೂ ನಿಲ್ಲಿಸಿ ಅನ್ನಲಾಗದೆ ಮುಂದಿನದರಲ್ಲಿ ಇಳಿದು ನಡೆದುಕೊಂಡು ಬರುವವಳು ಅಮ್ಮನ ಪಕ್ಕದಿಂದ ಹೊರಟಳು. ತಾತನ ಕುರ್ಚಿಯ ಪಕ್ಕ ಹೋಗಿ ಬಗ್ಗಿದಳು.

“ತಾತ, ಇಪ್ಪತ್ತೇಳನ್ನ ಓದಬೇಡಿ.”

“ಯಾಕಮ್ಮಾ? ನಡೀತಿದೆ ಅಂತಲೇ ಇದೆಯಲ್ಲ?”

“ಈಗ ಹಾಗಿದೆ. ಇನ್ನೈದು ನಿಮಿಷಕ್ಕೆ ಬದಲಾಗುತ್ತೆ.”

“ನಿನಗೆ ಹೇಗೆ...” ಎಂದವರು ಅವಳ ಮುಖ ನೋಡಿದರು. ಹಿಂದೆ ತಿರುಗಿ, ಮಡಿಲಲ್ಲಿ ಕಾಲುಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸನ್ನು ನೋಡಿದರು. ಕೆಳಗಿನ ತುಟಿಯನ್ನು ಒಳಗೆಳೆದುಕೊಂಡು ತಲೆಯಾಡಿಸಿದರು.

“ಏನೇ ಅದು ಗುಸುಗುಸು?” ಎಂದಳು ಅಮ್ಮ, ಅವಳು ಹಿಂತಿರುಗಿದಾಗ. “ಗುರುತಿಲ್ಲದವರ ಹತ್ರ ಮಾತಾಡ್ದೆ ನೀನು! ಇರು, ನಿಮ್ಮಪ್ಪಂಗೆ ಹೇಳ್ತೀನಿ, ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತೆ.”

ಹನ್ನೊಂದೂ ಐವತ್ತೈದಕ್ಕೆ ಪರದೆ ಮಿನುಗಿತು. ಅವಳು ಅತ್ತ ನೋಡಲಿಲ್ಲ. ಅಲ್ಲಿರುವ ವಾಕ್ಯ ಅವಳದೇ.

ತಾತ ಎದ್ದು ನಿಂತರು. ದನಿ ಮೊದಲಿನಷ್ಟು ಏರಲಿಲ್ಲ. “ಇಪ್ಪತ್ತೆರಡು ನಡೀತಿದೆ. ಇಪ್ಪತ್ತಾರು...” ಒಂದು ಗುಟುಕು ಉಗುಳು ನುಂಗಿದರು. “ಇಪ್ಪತ್ತಾರು ನಡೀತಿದೆ. ಇಪ್ಪತ್ತೆಂಟು ಶುರುವಾಗಿದೆ.” ಕೂತರು. ಅಲ್ಲಲ್ಲಿ ಕೂತಿದ್ದ ಕೆಲವರು ಪರದೆಯನ್ನು ಓದಿ, ಸುತ್ತ ನೋಡಿ, ತಲೆ ತಗ್ಗಿಸಿದರು.

“ಅಯ್ಯೋ, ನಮ್ಮ ಇಪ್ಪತ್ತೇಳನ್ನ ನುಂಗಿಬಿಟ್ರಲ್ಲೇ ಈ ಮಾರಾಯ!” ಅಮ್ಮ ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ ಗೋಡೆ ನೋಡಿದಳು. “ಏನಂತೆ ನೋಡು. ಓದು.”

ಗಾಜಿನ ಬಾಗಿಲು ಅಷ್ಟು ಹೊತ್ತಿಗೆ ತೆರೆಯಿತು. ದೊಡ್ಡಕ್ಕ ಒಂದು ಕೈ ಎದೆಯ ಮೇಲಿಟ್ಟು ಉಸಿರು ಹಿಡಿಯುತ್ತಿದ್ದರು. ಹಿಂದೆ, ಹಸಿರು ಟೋಪಿಯನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ ಡಾಕ್ಟರು. ಅಮ್ಮನಿಗೆ ಅಷ್ಟು ದೂರದವರು ಯಾರೆಂದು ಕಾಣುವಂತಿರಲಿಲ್ಲ. ಮಗಳು ನಿಂತಿರುವುದನ್ನು ದೊಡ್ಡಕ್ಕ ನೋಡಿದರು, ಎರಡು ಹೆಜ್ಜೆ ಮುಂದೆ ಬಂದು, ಅಲ್ಲೇ ನಿಂತರು.

“ಅಮ್ಮ,” ಅಂದಳು ಅವಳು. “ಅದನ್ನ ಓದಲ್ಲ. ನಾನೇ ಹೇಳ್ತೀನಿ.”

“ಹೇಳುವಿಯಂತೆ. ಬೆಳಿಗ್ಗೆಯಿಂದ ನಿಂತೇ ಇದೀಯಲ್ಲ, ಕಾಲು ನೋಯಲ್ವಾ?” ಅಮ್ಮ ಬೆಂಚಿನ ಮೇಲೆ ಒಂದಿಷ್ಟು ಆಚೆ ಸರಿದಳು. ತಾನು ಕೂತು ಬೆಚ್ಚಗಾಗಿದ್ದ ಜಾಗವನ್ನು ಅಂಗೈಯಿಂದ ಎರಡು ಸಲ ಒರೆಸಿ, “ಬಾ, ಮೊದಲು ಕೂತ್ಕೋ,” ಎಂದಳು.