ತೀರ್ಥ ಬಿದ್ದ ಡ್ರಮ್ಮು

ತೇರದಾಳ ರಸ್ತೆಯಲ್ಲಿ, ಊರಿನಿಂದ ಆಚೆ, ತಗಡಿನ ಗೋದಾಮೊಂದಕ್ಕೆ ತಿಂಗಳಿಗೆ ಮೂರು ಸಾವಿರ ಬಾಡಿಗೆ. ಅಲ್ಲಿಂದ ಬನಹಟ್ಟಿಯ ಮನೆಗೆ ಡ್ರಮ್ಮು ತರಬೇಕೆಂದರೆ ಟಂಟಂ ಗಾಡಿಯವನಿಗೆ ಇನ್ನೂರು. ಕಾಯುವವನ ಪಗಾರ ಬೇರೆ. ಮನೆಯ ಒಳಕೋಣೆಗೆ ಬಾಡಿಗೆಯಿಲ್ಲ, ಕಾವಲೂ ಬೇಡ. ನೂಲಿಗೆ ಬಣ್ಣ ಹಾಕುವ ರಾಚಪ್ಪ ಈ ಲೆಕ್ಕವನ್ನು ಬೆರಳು ಮಡಚಿ ಹೆಂಡತಿ ಅನಸವ್ವನಿಗೆ ಹೇಳಿದ. ಹೇಳಿದ್ದೇ ತಡ, ಅಗ್ಗಕ್ಕೆ ಸಿಕ್ಕ ಎಂಟು ಡ್ರಮ್ಮು ಹೈಡ್ರೋಸನ್ನು ತಂದು ಒಳಕೋಣೆಯಲ್ಲಿ ಇಳಿಸಿಯೂ ಬಿಟ್ಟ.

ಹೈಡ್ರೋಸ್ ಎಂಬುದು ಒಂದು ಬಿಳಿ ಪುಡಿ. ಪಕ್ಕಾ ಬಣ್ಣ ನೂಲಿನ ಎಳೆಯೊಳಗೆ ಇಳಿಯಬೇಕಾದರೆ ಅದು ಬೇಕೇ ಬೇಕು. ಅಳತೆ ಮೀರಿದರೆ ಇಳಿದ ಬಣ್ಣವನ್ನೇ ಕಿತ್ತು ತೆಗೆಯುತ್ತದೆ. ನೋಡಲು ಮಾತ್ರ ಉಪ್ಪಿನಷ್ಟು ಸಾಧು.

ಒಳಕೋಣೆಯ ಆಚೆ ಮಗ್ಗದ ಮನೆ. ಅಲ್ಲಿ ಸೊಸೆ ನಂದಾ ನೂಲಿನ ಕಂಡಿಕೆ ಸುತ್ತುತ್ತಾಳೆ. ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ಅವಳ ಎಳೆಗೂಸು. ಈಚೆ ಗೋಡೆಗೆ ಅಂಟಿಕೊಂಡು ಮಹಾಲಿಂಗಪ್ಪನ ಮನೆ, ಅದಕ್ಕೆ ಅಂಟಿಕೊಂಡು ಮತ್ತೊಬ್ಬರದು. ಒಬ್ಬರ ಮನೆಯ ಒಗ್ಗರಣೆಗೆ ಗಲ್ಲಿಯೆಲ್ಲ ಸೀನುವಂಥ ಗಲ್ಲಿ ಅದು.

ಅನಸವ್ವನ ತಮ್ಮ ವೀರಣ್ಣ ಇಚಲಕರಂಜಿಯ ಬಣ್ಣದ ಕಾರಖಾನೆಯೊಂದರಲ್ಲಿ ದುಡಿದು ಬಂದವನು. ಅಕ್ಕನ ಮನೆಯಲ್ಲಿ ಉಣ್ಣಲು ಕುಳಿತವನು ಒಳಕೋಣೆಯತ್ತ ನೋಡಿ, ತಾಟು ಎತ್ತಿಕೊಂಡು ಅಂಗಳಕ್ಕೆ ಹೋಗಿ ಕುಳಿತ. ಡ್ರಮ್ಮು ಕಂಡರೆ ಇವನಿಗೆ ಹುಲಿ ಕಂಡಂತಾಗುತ್ತದೆ ಎಂದು ರಾಚಪ್ಪ ನಕ್ಕ. ವೀರಣ್ಣ ನಗಲಿಲ್ಲ. ಹೊರಡುವಾಗ ಅಕ್ಕನನ್ನು ಬಾಗಿಲಿಗೆ ಕರೆದ.

"ಅಕ್ಕಾ, ಇದಕ ಹನಿ ನೀರ ಬಿದ್ರೂ ಒಳಗ ಕಾವ ಏರತೈತಿ. ಹೊಗಿ ಬಂತಂದ್ರ ಕೊಡದ ನೀರ ಸುರೀಬ್ಯಾಡ್ರಿ, ಇನ್ನೂ ಭುಗ್ ಅಂತೈತಿ. ಉಸುಕ ಮುಚ್ಚಿದ್ರೂ ಆರಂಗಿಲ್ಲ, ಅದಕ ಗಾಳಿ ಬೇಕಾಗಂಗಿಲ್ಲ. ಪೂರಾ ಮುಳುಗಿಸಬೇಕು. ಇಲ್ಲಾ, ಬಿಟ್ಟು ಓಡಬೇಕು."

ಅಂದಿನಿಂದ ಅನಸವ್ವನಿಗೆ ಊಟ ರುಚಿಸಲಿಲ್ಲ. ಒಳಕೋಣೆಯ ಮುಂದೆ ಹಾದಾಗಲೆಲ್ಲ ಮಗುವಿನ ಹಣೆ ಮುಟ್ಟುವಂತೆ ಅಂಗೈ ಹಿಂದುಮುಂದು ಮಾಡಿ ಡ್ರಮ್ಮುಗಳನ್ನು ಮುಟ್ಟಿ ನೋಡುವಳು. ಮಳೆ ಬಂದರೆ ಎದ್ದು ಮಾಳಿಗೆ ಸೋರುತ್ತಿದೆಯೇ ಎಂದು ನೋಡುವಳು. "ಡ್ರಮ್ಮಿಗೆ ಜ್ವರ ಬಂದಾವೇನ ನೋಡಾಕತ್ತಿ?" ಎಂದು ರಾಚಪ್ಪ ಚೇಷ್ಟೆ ಮಾಡುವನು. ಗೋದಾಮಿನ ಮಾತೆತ್ತಿದರೆ ಮತ್ತೆ ಬೆರಳು ಮಡಚುವನು.

ಹೀಗಿರುವಾಗ ಅಮಾಸಿ ಬಂತು. ಅಂದು ಮಗ್ಗ ನಡೆಯುವುದಿಲ್ಲ. ಮಗ್ಗ ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸಬೇಕು. ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಅನ್ನ ಕೊಡುವ ಯಾವ ವಸ್ತುವಾದರೂ ಸರಿ, ಬಾಯಿ ತೆರೆದು ತೀರ್ಥ ಚಿಮುಕಿಸಬೇಕು. ಜೋಳದ ಚೀಲ, ನೂಲಿನ ಗಂಟು, ಬಣ್ಣದ ಡಬ್ಬಿ, ಎಲ್ಲಕ್ಕೂ ಅಷ್ಟೇ. ರಾಚಪ್ಪನ ತಂದೆ ಒಂದು ಅಮಾಸಿಯನ್ನೂ ತಪ್ಪಿಸಿದವನಲ್ಲ. ಅವನ ಕಾಲದಲ್ಲಿ ಈ ಪುಡಿ ಸಣ್ಣ ಡಬ್ಬಿಯಲ್ಲಿ ಬರುತ್ತಿತ್ತು, ವಾರದಲ್ಲಿ ಮುಗಿದೂ ಹೋಗುತ್ತಿತ್ತು. ಆ ಅಂತರವನ್ನು ಯಾರೂ ಎಣಿಸಿರಲಿಲ್ಲ.

ಡ್ರಮ್ಮುಗಳ ಮೇಲೆ ಬರೀ ಹೂ ಇಟ್ಟರೆ ಸಾಲದೇ ಎಂದು ಅನಸವ್ವ ಕೇಳಿದಳು.

"ಮುಚ್ಚಿದ ಬಾಯಿಗೆ ಪೂಜಿ ಮುಟ್ಟತೈತೇನು?" ಎಂದ ರಾಚಪ್ಪ. ಎಂಟರ ಹೆಸರಿನಲ್ಲಿ ಒಂದರ ಮುಚ್ಚಳ ತೆಗೆದು, ಒಳಗಿನ ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿ, ಪತ್ರಿಯಿಂದ ತೀರ್ಥ ಚಿಮುಕಿಸಿದ. ತಂಬಿಗೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ತೀರ್ಥ ನೆಲಕ್ಕೆ ಚೆಲ್ಲಬಾರದು. ಅದನ್ನೂ ಡ್ರಮ್ಮಿಗೇ ಹಾಕಿ, ಮುಚ್ಚಳ ಮುಚ್ಚಿ ಮೇಲೆ ಹೂ ಇಟ್ಟ.

ಅನಸವ್ವನ ಬಾಯಿಯ ತನಕ ಮಾತು ಬಂತು. ಹಬ್ಬದ ದಿನ, ಕೈಯಲ್ಲಿ ತೀರ್ಥ ಹಿಡಿದವನಿಗೆ ಬೆಂಕಿಯ ಮಾತು ಹೇಳುವುದು ಹೇಗೆ? ಹೋಳಿಗೆ ಬೇಯಿಸಲು ಒಲೆಯತ್ತ ಹೋದಳು.

ಹೋಳಿಗೆಯ ಊಟ ಮುಗಿದು ರಾಚಪ್ಪ ಪಡಸಾಲೆಯಲ್ಲಿ ಅಡ್ಡಾದ. ತಾಟು ತೊಳೆಯುತ್ತಿದ್ದ ಅನಸವ್ವನ ಮೂಗಿಗೆ ಕಡ್ಡಿ ಗೀರಿದ ವಾಸನೆ ಬಂತು. ಒಲೆಯ ಹತ್ತಿರ ನೋಡಿದಳು, ಒಲೆ ಆರಿತ್ತು. ಕೈ ಒರೆಸಿಕೊಂಡು ಒಳಕೋಣೆಗೆ ಓಡಿದಳು. ಪೂಜೆ ಮಾಡಿದ ಡ್ರಮ್ಮಿನ ಮೇಲಿನ ಹೂ ಬಾಡಿ ಕಪ್ಪಾಗಿತ್ತು. ಮೈ ಮುಟ್ಟಿದರೆ ಕೈ ಹಿಂದಕ್ಕೆ ಜಿಗಿಯಿತು. ಮುಚ್ಚಳದ ಸಂದಿನಿಂದ ಎಳೆಯಷ್ಟು ಹೊಗೆ.

ಮೊದಲು ಮಗ್ಗದ ಮನೆಗೆ ಹೋದಳು. ಕೂಸನ್ನು ಎತ್ತಿಕೊಂಡು ಗಾಳಿ ಬರುವ ಕಡೆಗೆ ಹೋಗು, ಹಿಂದಿರುಗಿ ನೋಡಬೇಡ, ಅಗ್ನಿಶಾಮಕಕ್ಕೆ ಫೋನ್ ಮಾಡು ಎಂದು ನಂದಾಳನ್ನು ಹೊರಗೆ ಅಟ್ಟಿದಳು. ಆಮೇಲೆ ಗಂಡನನ್ನು ಎಬ್ಬಿಸಿದಳು.

ಅಷ್ಟರಲ್ಲಿ ಹೊಗೆ ಗಲ್ಲಿಗೆ ಬಿದ್ದಿತ್ತು. ಹೊಗೆ ಕಂಡರೆ ಕೊಡ ಹಿಡಿದು ಓಡಿ ಬರುವುದು ಆ ಗಲ್ಲಿಯ ಒಳ್ಳೆಯತನ. ಮುಂದೆ ಮಹಾಲಿಂಗಪ್ಪ, ಹಿಂದೆ ಹೆಣ್ಣುಮಕ್ಕಳು, ಎಲ್ಲರ ಸೊಂಟದಲ್ಲೂ ತುಂಬಿದ ಕೊಡ. ಅನಸವ್ವ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು.

"ಮಹಾಲಿಂಗಣ್ಣಾ, ಕೊಡ ಕೆಳಗಿಡ್ರಿ."

"ತಲಿ ಕೆಟ್ಟೈತೇನ ತಂಗಿ? ಮನಿ ಸುಡಾಕತ್ತೈತಿ."

"ನೀರಿಗೇ ಸುಡಾಕತ್ತೈತ್ರಿ. ಒಳಗ ಇನ್ನ ಏಳು ಡ್ರಮ್ಮ ಅದಾವು. ನಿಮ್ಮ ಕೈ ಮುಗೀತೇನಿ, ಮಂದೀನ ಕರಕೊಂಡು ಗಲ್ಲಿ ಖಾಲಿ ಮಾಡ್ರಿ."

ಗಂಡಸರೆದುರು ದನಿ ಎತ್ತಿದವಳಲ್ಲ ಅವಳು. ಅದಕ್ಕೇ ಇರಬೇಕು, ಮಹಾಲಿಂಗಪ್ಪ ಅವಳ ಮುಖ ನೋಡಿ ಕೊಡ ಇಳಿಸಿದ. ಮಂದಿಯನ್ನು ಹಿಂದಕ್ಕೆ ತಿರುಗಿಸಿದ.

ಒಳಗೆ ರಾಚಪ್ಪ ಉಸುಕಿನ ಬುಟ್ಟಿ ಹುಡುಕುತ್ತಿದ್ದ. ಅನಸವ್ವ ಬುಟ್ಟಿ ಕಸಿದು ಎಸೆದು ಹಿತ್ತಲಿನ ಟಾಕಿ ತೋರಿಸಿದಳು. ನೆಲಮಟ್ಟದ ದೊಡ್ಡ ಸಿಮೆಂಟಿನ ಟಾಕಿ, ನೀರು ತುಂಬಿ ನಿಂತಿತ್ತು. ಸೊಲ್ಲಾಪುರದ ವ್ಯಾಪಾರಿಯ ಕೆಂಪು ನೂಲೆಲ್ಲ ಅದರಲ್ಲೇ ನೆನೆದಿತ್ತು. ಮನೆಮಂದಿಯೆಲ್ಲ ಒಂದು ತಿಂಗಳು ದುಡಿದ ನೂಲು.

ರಾಚಪ್ಪ ನಿಂತುಬಿಟ್ಟ. "ಟಾಕ್ಯಾಗ ನೂಲ ಐತಲೇ. ಬಣ್ಣ ಹೋಗತೈತಿ."

"ಹೋಗಲಿ."

ಅಷ್ಟೇ ಅಂದಳು. ಮಗ್ಗದ ಮನೆಯಲ್ಲಿ ಖಾಲಿ ತೊಟ್ಟಿಲು ಇನ್ನೂ ತೂಗುತ್ತಿತ್ತು. ರಾಚಪ್ಪ ಅದನ್ನು ನೋಡಿದ, ಉಳಿದ ಏಳು ಡ್ರಮ್ಮು ನೋಡಿದ. ಈ ಸಲ ಬೆರಳು ಮಡಚಲಿಲ್ಲ.

ಒಣ ಗೋಣಿಚೀಲ ಕೈಗೆ ಸುತ್ತಿ, ಸೆರಗು ರುಮಾಲು ಮೂಗಿಗೆ ಕಟ್ಟಿ, ಡ್ರಮ್ಮನ್ನು ಓರೆಮಾಡಿ ಅಂಚಿನ ಮೇಲೆ ಉರುಳಿಸಿಕೊಂಡು ಹೊರಟರು. ಹಿತ್ತಲ ಬಾಗಿಲ ಹೊಸ್ತಿಲಿಗೆ ಅದು ತಡೆಯಿತು. ಮುಚ್ಚಳ ಕುಣಿಯತೊಡಗಿತು, ಹೊಗೆ ದಪ್ಪವಾಯಿತು. ಅನಸವ್ವನಿಗೆ ಉಸಿರು ಹಿಡಿಯಿತು, ಕಣ್ಣು ಕಾಣದಾಯಿತು. ರಾಚಪ್ಪ ಬಲಗೈಯ ಗೋಣಿ ಜಾರಿದರೂ ಬಿಡದೆ, ಬರಿಗೈಯಿಂದಲೇ ಒತ್ತಿ ಹೊಸ್ತಿಲು ದಾಟಿಸಿದ. ಡ್ರಮ್ಮು ಟಾಕಿಗೆ ಬಿದ್ದಾಗ ನೀರು ಕುದಿದಂತೆ ಎದ್ದು, ಕೊಳೆತ ಮೊಟ್ಟೆಯ ನಾತ ಬಡಿಯಿತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಓಡಿದರು.

ಅಗ್ನಿಶಾಮಕದವರು ಬರುವ ಹೊತ್ತಿಗೆ ಟಾಕಿ ತಣ್ಣಗಾಗಿತ್ತು. ಉಳಿದ ಏಳನ್ನು ಅವರೇ ಮುಟ್ಟಿ ನೋಡಿ ಹೊರಗೆ ಸಾಗಿಸಿದರು. ಮನೆಯೊಳಗೆ ಇದನ್ನು ಇಟ್ಟವರು ಯಾರೆಂದು ಅವರ ಸಾಹೇಬ ಕೇಳಿದಾಗ ರಾಚಪ್ಪ ಸುಟ್ಟ ಕೈಯನ್ನೇ ಎತ್ತಿದ.

ಕೆಂಪು ನೂಲು ಟಾಕಿಯಿಂದ ಹಳೆಯ ಧೋತರದ ಬಣ್ಣವಾಗಿ ಬಂತು. ಸೊಲ್ಲಾಪುರದವನು ಮತ್ತೆ ಕೆಲಸ ಕೊಡಲಿಲ್ಲ. ರಾಚಪ್ಪನ ಬಲಗೈಯ ಎರಡು ಬೆರಳು ಇಂದಿಗೂ ಪೂರಾ ಮಡಚುವುದಿಲ್ಲ. ತೇರದಾಳ ರಸ್ತೆಯ ಗೋದಾಮಿಗೆ ತಿಂಗಳಿಗೆ ಮೂರು ಸಾವಿರ ಹೋಗುತ್ತದೆ, ಅಮಾಸಿಗೆ ಅಲ್ಲಿ ಮುಚ್ಚಿದ ಮುಚ್ಚಳದ ಮೇಲೆ ನೀರು ಸೋಕದ ಹೂ ಇಡುತ್ತಾರೆ. ಗಲ್ಲಿಯಲ್ಲಿ ಒಬ್ಬರೂ ಸಾಯಲಿಲ್ಲ. ನಂದಾಳ ಕೂಸು ಈಗ ಮಗ್ಗ ಹಿಡಿದು ನಿಲ್ಲುತ್ತದೆ.