ಕೆರೆಯ ನಡುವಿನ ಗೋಡೆ

ಕೆರೆಯ ಮೇಲ್ಗಡೆ ಹೊಲಗಳು, ಕೆಳಗಡೆ ಹೊಸ ಬಡಾವಣೆ. ಎರಡೂ ಕಡೆಯವರ ಪಾಪವನ್ನು ಹೊಟ್ಟೆಗೆ ಹಾಕಿಕೊಂಡು ಕೆರೆ ಹಸಿರಿಗೆ ತಿರುಗಿ ಕೂತಿತ್ತು. ಊರಿನ ನಲ್ಲಿಗಳಿಗೆಲ್ಲ ಬರುವುದು ಅದೇ ನೀರು. ಹೊಲದವರ ಯೂರಿಯಾದಿಂದ ಕೆಟ್ಟಿತೆಂದು ಇವರು, ಬಡಾವಣೆಯ ಕಕ್ಕಸಿನ ಗುಂಡಿಗಳಿಂದ ಕೆಟ್ಟಿತೆಂದು ಅವರು ಕೈ ಕೈ ಮಿಲಾಯಿಸಿದ ಮೇಲೆ, ದೊಡ್ಡ ಮನುಷ್ಯರೆಲ್ಲ ತಲೆ ಓಡಿಸಿ ಕೆರೆಯ ನಡುವೆ ಗೋಡೆ ಕಟ್ಟಿಸಿದರು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ. ಕಪ್ಪೆಗಳು ಮಾತ್ರ ಒಪ್ಪಂದಕ್ಕೆ ಕವಡೆ ಕಿಮ್ಮತ್ತು ಕೊಡದೆ ಅತ್ತಿಂದಿತ್ತ ನೆಗೆಯುತ್ತಿದ್ದವು. ಅವುಗಳನ್ನು ತಡೆಯಲು ಒಬ್ಬ ಕಾವಲುಗಾರನನ್ನು ಇಟ್ಟರು.

ಪಾಪ, ನೀರು ಪರೀಕ್ಷೆ ಮಾಡುವವನಿಗೆ ಕೆಲಸ ಇಮ್ಮಡಿಯಾಯಿತು. ಇತ್ತ ಒಂದು ಬಾಟಲಿ, ಅತ್ತ ಒಂದು ಬಾಟಲಿ.

"ನೀರು ಹೇಗಿದೆ ಅಂತ ಪುರಾಣ ಬೇಡ," ಎಂದರು ಎರಡೂ ಕಡೆಯವರು ಸೇರಿದ್ದ ಕೆರೆ ಸಮಿತಿಯ ಅಧ್ಯಕ್ಷರು. "ಆ ಕಡೆಗಿಂತ ಕೆಟ್ಟಿದೆಯೋ ಇಲ್ಲವೋ, ಅಷ್ಟು ಬರೀರಿ ಸಾಕು."

ಗೋಡೆಯ ಬುಡದಲ್ಲಿ ನೀರು ಆರಾಮಾಗಿ ಓಡಾಡಿಕೊಂಡಿತ್ತು. ಎರಡೂ ಬಾಟಲಿಯಲ್ಲಿ ಯೂರಿಯಾ, ಕಕ್ಕಸಿನಿಂದ ಇಳಿದ ನೈಟ್ರೇಟ್ ಒಂದೇ ಸಮ, ವಿಪರೀತ. ಅವನು ಎರಡಕ್ಕೂ 'ಆ ಕಡೆಗಿಂತ ಕೆಟ್ಟಿಲ್ಲ' ಎಂದು ಬರೆದ. ಸುಳ್ಳು ಬರೆಯಲಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಗೋಡೆಯ ಎರಡೂ ಮುಖಕ್ಕೆ ಬೋರ್ಡು ಬಿತ್ತು: 'ನಮ್ಮ ನೀರು ಕೆಟ್ಟಿಲ್ಲ.'

ಆಗಲೇ ಅವನ ಮಗಳು ಎಳೆ ಕೂಸನ್ನು ಎತ್ತಿಕೊಂಡು ತಿಂಗಳು ಇದ್ದು ಹೋಗಲು ಬಂದಳು. ಮೊಮ್ಮಗಳ ಮುಖ ಅವನು ನೋಡಿದ್ದು ಅದೇ ಮೊದಲು, ಕೈಯಿಂದ ಕೆಳಗಿಳಿಸಲಿಲ್ಲ. ಎದೆಹಾಲು ಸಾಲದೆ ಕೂಸಿಗೆ ಪುಡಿ ಹಾಲು ಹಿಡಿಸಿದ್ದರು.

"ಅಪ್ಪಾ, ನಲ್ಲಿ ನೀರು ಕಾಯಿಸಿ ಪುಡಿ ಕಲಸ್ಲಾ? ಕೆಟ್ಟಿಲ್ವಂತೆ, ಬೋರ್ಡು ನೋಡ್ದೆ."

ಅವನಿಗೆ ಗೊತ್ತಿತ್ತು: ನೈಟ್ರೇಟ್ ಕಾಯಿಸಿದರೆ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಅದನ್ನು ಕುಡಿದರೆ ಎಳೆ ಕೂಸಿನ ಮೈ ನೀಲಿಗಟ್ಟುತ್ತದೆ, ಜೀವಕ್ಕೇ ಅಪಾಯ.

"ಬೇಡ."

"ಯಾಕೆ? ನೀನೇ ತಾನೆ ಬರೆದಿದ್ದು?"

"ಆ ಕಡೆಗಿಂತ ಕೆಟ್ಟಿಲ್ಲ ಅಂತ ಬರೆದೆ."

"ಹಾಗಾದ್ರೆ ಆ ಕಡೆಯಿಂದ ತರೋಣ."

"ಅದು ಈ ಕಡೆಗಿಂತ ಕೆಟ್ಟಿಲ್ಲ."

ಅವನಿಗೆ ನಾಚಿಕೆಯಾಯಿತು. ಅಂಗಡಿಯಿಂದ ನೀರಿನ ಬಾಟಲಿ ತಂದುಕೊಟ್ಟು, ನೇರ ಸಮಿತಿಯ ಸಭೆಗೆ ನುಗ್ಗಿದ.

"ಈ ನೀರನ್ನ ನನ್ನ ಮೊಮ್ಮಗಳಿಗೆ ಕೊಡೋ ಹಾಗಿಲ್ಲ. ಯಾರ ಮಕ್ಕಳಿಗೂ ಕೊಡೋ ಹಾಗಿಲ್ಲ," ಎಂದ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಕೇಳಿದರು:

"ಆ ಕಡೆ ನೀರು ಕೊಡಬಹುದಾ?"

"ಅದನ್ನೂ ಕೊಡೋ ಹಾಗಿಲ್ಲ."

"ಸದ್ಯ," ಎಂದು ಎರಡೂ ಕಡೆಯವರು ಉಸಿರು ಬಿಟ್ಟರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಮರುದಿನ ಮಗಳು ಗಂಟುಮೂಟೆ ಕಟ್ಟಿದಳು. "ನೀರು ಸರಿಹೋದ ಮೇಲೆ ಬರ್ತೀನಪ್ಪಾ," ಎಂದಳು. ಬಸ್ಸು ಹೊರಟಾಗ ಕೂಸು ಅವನ ಬೆರಳು ಹಿಡಿದುಕೊಂಡೇ ಇತ್ತು; ಅವನೇ ಬಿಡಿಸಿಕೊಳ್ಳಬೇಕಾಯಿತು. ಕೆರೆಯ ಹತ್ತಿರ ಗಾರೆ ಕೆಲಸದವರು ಗೋಡೆಯನ್ನು ಇನ್ನಷ್ಟು ಎತ್ತರಿಸುತ್ತಿದ್ದರು.